ಊರು ಗೆಲ್ಲಿಸಿದ ಕಂಚು

ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕದ ಹಿಂದೆ ಅಡವಿಟ್ಟ ಒಂದು ಮನೆಯಿದೆ. 1952ರಲ್ಲಿ ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಸ್ವಂತ ಮನೆಯನ್ನು ಅಡವಿಟ್ಟು 7,000 ರೂಪಾಯಿ ಸಾಲ ಎತ್ತಿದರು. ಅವರ ಕಾಲೇಜಿನಲ್ಲಿ ಓದಿದ ಪೈಲ್ವಾನರೊಬ್ಬರು ಫಿನ್‌ಲೆಂಡಿನ ಹೆಲ್ಸಿಂಕಿಗೆ ಹೋಗಿ ದೇಶದ ಪರವಾಗಿ ಕುಸ್ತಿ ಹಿಡಿಯಬೇಕಿತ್ತು. ತಂಡಕ್ಕೆ ಆಯ್ಕೆಯೇನೋ ಆಗಿತ್ತು, ಆದರೆ ದಾರಿ ಖರ್ಚಿಗೆ ಕೈಯಲ್ಲಿ ಕಾಸಿರಲಿಲ್ಲ. ಕಡಿಮೆ ಬಿದ್ದದ್ದನ್ನು ಹುಟ್ಟೂರಿನವರು, ಗುರುತು ಪರಿಚಯದವರು ಕೈಲಾದಷ್ಟು ಕೂಡಿಸಿ ಕೊಟ್ಟರು. ಹಾಗೆ ಹೊರಟವರು ಖಾಶಾಬಾ ದಾದಾಸಾಹೇಬ್ ಜಾಧವ್. ಫ್ರೀಸ್ಟೈಲ್ ಕುಸ್ತಿಯ 57 ಕೆ.ಜಿ. ವಿಭಾಗದಲ್ಲಿ ಅವರು ಗೆದ್ದು ತಂದ ಕಂಚಿಗೆ ಜೊತೆಯಾಗಿ ಇನ್ನೊಂದು ವೈಯಕ್ತಿಕ ಪದಕ ಈ ದೇಶಕ್ಕೆ ಬರಲು 44 ವರ್ಷ ಹಿಡಿಯಿತು.

ಜಾಧವ್ ಅವರ ಬದುಕನ್ನು ಒಬ್ಬ ಜಟ್ಟಿಯ ಸಾಹಸಗಾಥೆಯಾಗಿ ಓದಿ ಮುಗಿಸಿಬಿಡುವುದು ಸುಲಭ. ಅದರೊಳಗೆ ಒಂದು ಕಾಲದ ಚರಿತ್ರೆಯೂ ಇದೆ. ಪೈಲ್ವಾನರನ್ನು ಸಾಕುತ್ತಿದ್ದ ಅರಸೊತ್ತಿಗೆ ಆಗಷ್ಟೇ ಮುಗಿದಿತ್ತು. ಆ ಹೊಣೆಯನ್ನು ಹೊರಬೇಕಿದ್ದ ಹೊಸ ಸರ್ಕಾರಕ್ಕೆ ಆಟಗಾರನೊಬ್ಬನನ್ನು ಬೆಳೆಸುವುದು ತನ್ನ ಕೆಲಸ ಎಂಬ ಅರಿವು ಇನ್ನೂ ಮೂಡಿರಲಿಲ್ಲ. ಈ ನಡುವಿನ ಬಯಲಲ್ಲಿ ಒಬ್ಬ ಮೇಷ್ಟ್ರು ಮತ್ತು ಒಂದು ಊರು ಸೇರಿ ದೇಶ ಮಾಡಬೇಕಿದ್ದ ಕೆಲಸವನ್ನು ಮಾಡಿದರು.

ದೊರೆ ಕಟ್ಟಿದ ಕಣ

ಕೊಲ್ಹಾಪುರಕ್ಕೆ ಕುಸ್ತಿಯ ಹುಚ್ಚು ಹಿಡಿಸಿದವರು ಛತ್ರಪತಿ ಶಾಹು ಮಹಾರಾಜರು. 1894ರಿಂದ 1922ರವರೆಗೆ ಆಳಿದ ಈ ದೊರೆ ಸ್ವತಃ ಮಲ್ಲವಿದ್ಯೆಯ ಭಕ್ತರು. 1902ರ ಯೂರೋಪ್ ಪ್ರವಾಸದಲ್ಲಿ ರೋಮಿನ ಕಲೋಸಿಯಂ ನೋಡಿ ಬಂದ ಅವರ ಮನಸ್ಸಿನಲ್ಲಿ ಅಂಥದ್ದೊಂದು ಕುಸ್ತಿಯ ಕಣ ನಿಂತುಬಿಟ್ಟಿತು. ಎಲ್ಲಿ ಕೂತರೂ ನಡುವಿನ ಮಣ್ಣು ಕಾಣುವಂತೆ, ಇಳಿಜಾರು ಅಂಚಿನ ಬಟ್ಟಲಿನ ಆಕಾರದಲ್ಲಿ ಕಟ್ಟಿಸಿದ ಖಾಸ್‌ಬಾಗ್ ಮೈದಾನ 1912ರಲ್ಲಿ ತೆರೆದುಕೊಂಡಿತು. ಊರಿನ ಪೇಟೆಪೇಟೆಗಳಲ್ಲಿ ತಾಲೀಮುಗಳು ಎದ್ದವು. ಪೈಲ್ವಾನರ ಹಾಲು, ತುಪ್ಪ, ಬಾದಾಮಿಯ ಖರ್ಚು ಅರಮನೆಯದಾಯಿತು. ಬೆಳಗಾವಿ, ಚಿಕ್ಕೋಡಿ, ಅಥಣಿ ಕಡೆಯ ಹುಡುಗರಿಗೂ ಕೊಲ್ಹಾಪುರದ ತಾಲೀಮೆಂದರೆ ಕುಸ್ತಿಯ ಕಾಶಿ. ಮಹಾರಾಷ್ಟ್ರದ ತಾಲೀಮಿಗೂ ನಮ್ಮ ಗರಡಿಮನೆಗೂ ನಡುವೆ ರಾಜ್ಯದ ಗಡಿ ಬಂದದ್ದು ಈಚೆಗೆ. ಮಣ್ಣು, ಹನುಮಪ್ಪನ ಪಟ, ಉಸ್ತಾದನ ಗದರಿಕೆ ಎರಡೂ ಕಡೆ ಒಂದೇ.

ಭಾರತದ ಒಲಿಂಪಿಕ್ ಕುಸ್ತಿಯ ಕಥೆ ಶುರುವಾಗುವುದೂ ಶಾಹು ಮಹಾರಾಜರು ಬದುಕಿದ್ದಾಗಲೇ. 1920ರಲ್ಲಿ ದೊರಾಬ್ಜಿ ಟಾಟಾ ಅವರ ಮುತುವರ್ಜಿಯಿಂದ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಒಂದು ಪುಟ್ಟ ತಂಡ ಹೋಯಿತು. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿದರೆ, ರಣಧೀರ್ ಶಿಂದೆ ಫ್ರೀಸ್ಟೈಲ್ ಕುಸ್ತಿಯಲ್ಲಿ ನಾಲ್ಕನೇ ಸ್ಥಾನದವರೆಗೆ ಹೋಗಿ ಪದಕದ ಹೊಸ್ತಿಲಲ್ಲಿ ನಿಂತರು. ಆ ಹೊಸ್ತಿಲನ್ನು ದಾಟಲು ಇನ್ನೂ 32 ವರ್ಷ ಬೇಕಾಯಿತು.

ಗೋಳೇಶ್ವರದ ಹುಡುಗ

ಸಾತಾರಾ ಜಿಲ್ಲೆಯ ಕರಾಡದಲ್ಲಿ ಕೃಷ್ಣೆಗೆ ಕೊಯ್ನಾ ಬಂದು ಸೇರುತ್ತದೆ. ಅಲ್ಲಿಂದ ಹರಿದು ಬರುವ ಕೃಷ್ಣೆಯೇ ನಮ್ಮ ಆಲಮಟ್ಟಿಯನ್ನು ತುಂಬುವುದು. ಕರಾಡಕ್ಕೆ ಅಂಟಿಕೊಂಡ ಹಳ್ಳಿ ಗೋಳೇಶ್ವರ. 1926ರ ಜನವರಿ 15ರಂದು ಅಲ್ಲಿ ಹುಟ್ಟಿದ ಖಾಶಾಬಾ ಐವರು ಗಂಡುಮಕ್ಕಳಲ್ಲಿ ಕೊನೆಯವರು. ತಂದೆ ದಾದಾಸಾಹೇಬರೂ ಪೈಲ್ವಾನರೇ, ಹಾಗಾಗಿ ಹುಡುಗ ಕಣ್ಣು ಬಿಟ್ಟಿದ್ದೇ ಗರಡಿಯ ಮಣ್ಣಿನಲ್ಲಿ. ಈಜು, ಓಟ, ಕಬಡ್ಡಿ, ಮಲ್ಲಕಂಬ ಎಲ್ಲದರಲ್ಲೂ ಕೈ ಆಡಿತು. ಕೊನೆಗೆ ಗಟ್ಟಿಯಾಗಿ ನಿಂತದ್ದು ಕುಸ್ತಿಯಲ್ಲಿ. ಕರಾಡದ ತಿಳಕ್ ಹೈಸ್ಕೂಲಿನಲ್ಲಿ ಓದುತ್ತಿದ್ದ ಕಾಲಕ್ಕೆ 1942ರ ಚಳವಳಿ ಎದ್ದಿತು. ಭೂಗತರಾಗಿದ್ದ ಹೋರಾಟಗಾರರಿಗೆ ನೆರವಾದ ಹುಡುಗರಲ್ಲಿ ಇವರೂ ಒಬ್ಬರು.

ಹೈಸ್ಕೂಲು ಮುಗಿಸಿ ಅವರು ಸೇರಿದ್ದು ಕೊಲ್ಹಾಪುರದ ರಾಜಾರಾಮ್ ಕಾಲೇಜನ್ನು. ಕಾಲೇಜಿನ ವಾರ್ಷಿಕ ಕ್ರೀಡಾಕೂಟದಲ್ಲಿ ಕುಸ್ತಿಗೆ ಹೆಸರು ಕೊಡಲು ಹೋದಾಗ, ಗಿಡ್ಡಗೆ ಸಣ್ಣಗೆ ಇದ್ದ ಈ ಹುಡುಗನನ್ನು ನೋಡಿ ಸೇರಿಸಿಕೊಳ್ಳಲು ಒಪ್ಪಲಿಲ್ಲವಂತೆ. ಖಾಶಾಬಾ ನೇರವಾಗಿ ಪ್ರಾಂಶುಪಾಲರ ಬಳಿಗೆ ಹೋದರು, ಖರ್ಡೇಕರ್ ಅನುಮತಿ ಕೊಟ್ಟರು. ತಮಗಿಂತ ದೊಡ್ಡ ಮೈಕಟ್ಟಿನವರನ್ನು ಒಬ್ಬರಾದ ಮೇಲೊಬ್ಬರಂತೆ ಕೆಡವಿದ ಮೇಲೆ ಆ ಹುಡುಗನ ಅಳತೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಬಾಬುರಾವ್ ಬಲವಡೆ ಮತ್ತು ಬೇಲಾಪುರಿ ಗುರೂಜಿ ಅವರ ಕೈಯಲ್ಲಿ ಪಟ್ಟುಗಳು ಪಳಗಿದವು. ಅವರಿಗೆ ಹೆಸರು ತಂದ ಪಟ್ಟು ಢಾಕ್. ಎದುರಾಳಿಯನ್ನು ಕಂಕುಳಿನಡಿ ಬಿಗಿಹಿಡಿದು, ಗಕ್ಕನೆ ಸೊಂಟ ತಿರುಗಿಸಿ, ಅವನ ಭಾರದಿಂದಲೇ ಅವನನ್ನು ನೆಲಕ್ಕೆ ಎಸೆಯುವ ಪಟ್ಟು ಅದು. ಅದಕ್ಕೆ ತೋಳಿನ ದಪ್ಪಕ್ಕಿಂತ ಕ್ಷಣದ ಲೆಕ್ಕ ಮುಖ್ಯ. ಹಗುರ ಮೈಯವರಿಗೆ ಹೇಳಿ ಮಾಡಿಸಿದಂಥದ್ದು.

ಮಣ್ಣಿನಿಂದ ಮ್ಯಾಟಿಗೆ

1948ರ ಲಂಡನ್ ಒಲಿಂಪಿಕ್ಸಿಗೆ ಜಾಧವ್ ಆಯ್ಕೆಯಾದಾಗ ಕೊಲ್ಹಾಪುರ ಇನ್ನೂ ಸಂಸ್ಥಾನವಾಗಿಯೇ ಇತ್ತು. ಪ್ರಯಾಣದ ಖರ್ಚನ್ನು ಮಹಾರಾಜರು ವಹಿಸಿಕೊಂಡರು. ಹಣದ ಚಿಂತೆ ನೀಗಿತು, ಆದರೆ ಲಂಡನ್ನಿನಲ್ಲಿ ಕಾಲಿಟ್ಟ ಕಣ ಅವರಿಗೆ ಹೊಸದು.

ಗರಡಿಯ ಮಣ್ಣನ್ನು ಹದ ಮಾಡುವುದೇ ಒಂದು ವಿದ್ಯೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ನಿಂಬೆರಸ, ಅರಿಸಿನ ಬೆರೆಸಿ, ಕಾಲಲ್ಲಿ ತುಳಿದು, ಗುದ್ದಲಿಯಿಂದ ಮಗುಚಿ ಮೆತ್ತಗೆ ಮಾಡುತ್ತಾರೆ. ಬೆವರಿದ ಮೈಗೆ ಆ ಮಣ್ಣನ್ನು ಎರಚಿಕೊಂಡರೆ ಹಿಡಿತ ಜಾರುವುದಿಲ್ಲ. ಬಿದ್ದರೆ ಮಣ್ಣು ತಾಳಿಕೊಳ್ಳುತ್ತದೆ, ಹಾಗೆಯೇ ಕಾಲನ್ನು ಕೊಂಚ ಹಿಡಿದೂ ಇಡುತ್ತದೆ. ಇಂದಿಗೂ ಮೈಸೂರು ದಸರಾದಲ್ಲಿ ನಾಡಕುಸ್ತಿ ಬೇರೆ, ಪಾಯಿಂಟ್ ಕುಸ್ತಿ ಬೇರೆ. ನಾಡಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದರೇ ಗೆಲುವು. ಅದಕ್ಕಾಗಿ ಹೊತ್ತು ಕಾಯುತ್ತ ಗಂಟೆಗಟ್ಟಲೆ ಸೆಣಸಿದವರಿದ್ದಾರೆ. ಒಲಿಂಪಿಕ್ಸಿನ ಫ್ರೀಸ್ಟೈಲ್ ಆಡುವುದು ಮ್ಯಾಟ್ ಮೇಲೆ, ಕಾಲಿಗೆ ಬೂಟು ಕಟ್ಟಿಕೊಂಡು. ಆಗ ಒಂದು ಸೆಣಸಾಟಕ್ಕೆ 15 ನಿಮಿಷದ ಮಿತಿ. ಅಷ್ಟರಲ್ಲಿ ಯಾರೂ ಚಿತ್ ಆಗದಿದ್ದರೆ ಮೂವರು ತೀರ್ಪುಗಾರರ ಮತದಿಂದ ಗೆಲುವು ನಿರ್ಧಾರ. ಮಣ್ಣಿನಲ್ಲಿ ಸಮಯ ಕಾದು ಹೊಡೆಯುವ ಪೈಲ್ವಾನ ಮ್ಯಾಟ್ ಮೇಲೆ ಅದೇ ತಾಳ್ಮೆ ತೋರಿಸಿದರೆ ಮತ ಎದುರಾಳಿಯ ಪಾಲಾಗುತ್ತಿತ್ತು. ಒಂದು ಜನ್ಮದ ಅಭ್ಯಾಸವನ್ನೇ ತಿರುಗಿಸಿ ಕಲಿಯಬೇಕಿತ್ತು.

ಲಂಡನ್ನಿನಲ್ಲಿ ಜಾಧವ್ ಅವರನ್ನು ಇದಕ್ಕೆ ಅಣಿಗೊಳಿಸಿದವರು ಅಮೆರಿಕದ ತರಬೇತುದಾರ ರೀಸ್ ಗಾರ್ಡ್ನರ್. 52 ಕೆ.ಜಿ.ಯ ಫ್ಲೈವೇಟ್ ವಿಭಾಗದಲ್ಲಿ ಆಸ್ಟ್ರೇಲಿಯಾದ ಬರ್ಟ್ ಹ್ಯಾರಿಸ್ ಅವರನ್ನೂ ಅಮೆರಿಕದ ಬಿಲ್ಲಿ ಜೆರ್ನಿಗನ್ ಅವರನ್ನೂ ಸೋಲಿಸಿದಾಗ ನೋಡುಗರು ಬೆರಗಾದರು. ಇರಾನಿನ ಮನ್ಸೂರ್ ರಯೀಸಿ ಅವರೆದುರು ಓಟ ನಿಂತಿತು. ಕೊನೆಗೆ ಸಿಕ್ಕಿದ್ದು ಆರನೇ ಸ್ಥಾನ. ಮ್ಯಾಟ್ ಕುಸ್ತಿಗೆ ಹೊಸಬರಾದ 22 ವರ್ಷದ ಪೈಲ್ವಾನರಿಗೆ ಅದು ಸಣ್ಣ ಸಾಧನೆಯಲ್ಲ. ಅವರಿಗೆ ಮಾತ್ರ ಅದು ಸಾಕಾಗಲಿಲ್ಲ. ಊರಿಗೆ ಬಂದವರೇ ದಂಡ, ಬಸ್ಕಿ, ಜೋಡಿಯ ಸಾಮನ್ನು ಹೆಚ್ಚಿಸಿದರು. ಒಂದು ತೂಕ ಮೇಲೇರಿ 57 ಕೆ.ಜಿ.ಯ ಬ್ಯಾಂಟಮ್‌ವೇಟ್‌ಗೆ ಮೈ ಕಟ್ಟಿಕೊಂಡರು.

ಅರಸರಿಲ್ಲ, ಸರ್ಕಾರವೂ ಇಲ್ಲ

1949ರ ಮಾರ್ಚ್ 1ರಂದು ಕೊಲ್ಹಾಪುರ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು. ಪ್ರಜೆಗಳ ಪಾಲಿಗೆ ಅದು ಬಿಡುಗಡೆಯೇ. ಗರಡಿಗಳ ಪಾಲಿಗೆ ಮಾತ್ರ ಅನ್ನದ ಪ್ರಶ್ನೆಯೂ ಜೊತೆಗೇ ಬಂತು. ನೂರಾರು ಸಂಸ್ಥಾನಗಳ ಅರಮನೆಗಳು ಹೊತ್ತಿದ್ದ ಪೈಲ್ವಾನರ ಖರ್ಚನ್ನು ಇನ್ನು ಯಾರು ಹೊರಬೇಕು ಎಂಬುದಕ್ಕೆ ಹೊಸ ಗಣರಾಜ್ಯದ ಬಳಿ ಉತ್ತರವಿರಲಿಲ್ಲ. ವಿಭಜನೆಯ ನಿರಾಶ್ರಿತರು, ಅನ್ನದ ಅಭಾವ, ಮೊದಲ ಚುನಾವಣೆ ಇವುಗಳ ನಡುವೆ ಕುಸ್ತಿಯನ್ನು ನೆನೆಯುವ ಪುರಸೊತ್ತು ದೆಹಲಿಗಿರಲಿಲ್ಲ. ಅಖಿಲ ಭಾರತ ಕ್ರೀಡಾ ಮಂಡಳಿ ಹುಟ್ಟಿದ್ದು 1954ರಲ್ಲಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಮತ್ತು ಅರ್ಜುನ ಪ್ರಶಸ್ತಿ 1961ರವು. 1952ರಲ್ಲಿ ಇವು ಯಾವುವೂ ಇರಲಿಲ್ಲ.

ಹೆಲ್ಸಿಂಕಿಯ ಹಾದಿಯಲ್ಲಿ ಮೊದಲ ತೊಡಕು ಎದುರಾದದ್ದು ದೇಶದೊಳಗೇ. ಮದ್ರಾಸಿನಲ್ಲಿ ನಡೆದ ರಾಷ್ಟ್ರೀಯ ಪಂದ್ಯದಲ್ಲಿ ತಮಗೆ ಬೇಕೆಂದೇ ಒಂದು ಅಂಕ ಕಡಿಮೆ ಕೊಟ್ಟು ಆಯ್ಕೆ ತಪ್ಪಿಸಲಾಯಿತು ಎಂಬುದು ಜಾಧವ್ ಅವರ ದೂರು. ಅವರು ಸುಮ್ಮನೆ ಕೂರದೆ, ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಪಟಿಯಾಲದ ಮಹಾರಾಜರಲ್ಲಿ ಮೊರೆಯಿಟ್ಟರು. ನಿರಂಜನ್ ದಾಸ್ ಅವರೊಂದಿಗೆ ಮತ್ತೆ ಜೋಡಿ ಕಟ್ಟಿಸಲಾಯಿತು. ಜಾಧವ್ ಹೆಚ್ಚು ಹೊತ್ತು ತೆಗೆದುಕೊಳ್ಳದೆ ಅವರನ್ನು ಚಿತ್ ಮಾಡಿ ತಂಡದಲ್ಲಿ ತಮ್ಮ ಜಾಗ ಪಡೆದರು.

ಎರಡನೇ ತೊಡಕು ದುಡ್ಡು. ನಾಲ್ಕು ವರ್ಷದ ಹಿಂದೆ ಹೇಳಿಕೊಳ್ಳಲು ಒಬ್ಬ ದೊರೆಯಾದರೂ ಇದ್ದರು. ಈಗ ಮುಂಬೈ ಸರ್ಕಾರದಿಂದ ನಿರೀಕ್ಷಿಸಿದ ನೆರವು ಹೊತ್ತಿಗೆ ಒದಗಲಿಲ್ಲ. ಮನೆಯವರು ಊರೂರು ಅಲೆದು ಚಂದಾ ಎತ್ತಿದರು. ಖರ್ಡೇಕರ್ ತಮ್ಮ ಮನೆಯ ಪತ್ರ ಹಿಡಿದು ಸಾಲ ಕೇಳಲು ಹೋದದ್ದು ಆಗಲೇ. ಕಾಲೇಜಿನ ಕ್ರೀಡಾಕೂಟದಲ್ಲಿ ಹುಡುಗನಿಗೆ ಬಾಗಿಲು ತೆರೆದ ಅದೇ ಮನುಷ್ಯ ಈಗ ಜಗತ್ತಿನ ಬಾಗಿಲನ್ನೂ ತೆರೆಸಿದರು. ಸೋತು ಬಂದರೆ ಆ ಸಾಲಕ್ಕೆ ಯಾರೂ ದಿಕ್ಕಿರಲಿಲ್ಲ ಎಂಬುದನ್ನು ನೆನೆದರೆ ಅವರ ಎದೆಗಾರಿಕೆಯ ಅಳತೆ ತಿಳಿಯುತ್ತದೆ.

ಹೆಲ್ಸಿಂಕಿಯ ಮ್ಯಾಟ್ ಮೇಲೆ

1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕುಸ್ತಿಯ ಕಣ ಲಂಡನ್ನಿಗಿಂತ ಬಿರುಸಾಗಿತ್ತು. ಸೋವಿಯತ್ ಒಕ್ಕೂಟ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಬಂದಿತ್ತು. ಯುದ್ಧದ ಕಾರಣಕ್ಕೆ 1948ರಲ್ಲಿ ಹೊರಗಿಟ್ಟಿದ್ದ ಜಪಾನ್ ಮರಳಿ ಬಂದಿತ್ತು. ಈ ಎರಡೂ ದೇಶಗಳ ಮಲ್ಲರು ಜಾಧವ್ ಅವರ ವಿಭಾಗದಲ್ಲೇ ಇದ್ದರು.

ಆಗಿನ ಪದ್ಧತಿಯಲ್ಲಿ ಒಂದು ಸೋಲಿಗೇ ಮನೆಗೆ ಕಳಿಸುತ್ತಿರಲಿಲ್ಲ. ಸೋತವರಿಗೆ ದಂಡದ ಅಂಕ ಬೀಳುತ್ತಿತ್ತು, ಮತದಿಂದ ಗೆದ್ದವರಿಗೂ ಅದರಲ್ಲಿ ಒಂದು ಪಾಲು. ಎದುರಾಳಿಯನ್ನು ಚಿತ್ ಮಾಡಿ ಗೆದ್ದವರು ಮಾತ್ರ ಕಲೆಯಿಲ್ಲದೆ ಮುಂದಕ್ಕೆ ಹೋಗುತ್ತಿದ್ದರು. ಅಂಕ ಮಿತಿ ಮೀರಿದವರು ಹೊರಗೆ. ಚಿತ್ ಮಾಡುವುದನ್ನೇ ಉಸಿರಾಗಿಸಿಕೊಂಡ ಮಣ್ಣಿನ ಪೈಲ್ವಾನರಿಗೆ ಈ ಲೆಕ್ಕ ಒಗ್ಗಿತು. ಮೊದಲ ಸುತ್ತಿನಲ್ಲಿ ಕೆನಡಾದ ಆಡ್ರಿಯನ್ ಪೊಲಿಕ್ವಿನ್ ಚಿತ್ ಆದರು. ಎರಡನೆಯದರಲ್ಲಿ ಮೆಕ್ಸಿಕೋದ ಲಿಯೊನಾರ್ಡೊ ಬಸುರ್ಟೊ ಆರು ನಿಮಿಷವೂ ನಿಲ್ಲಲಿಲ್ಲ. ಮುಂದಿನ ಎದುರಾಳಿ ಹಂಗೇರಿಯವರು ಕಣಕ್ಕಿಳಿಯಲೇ ಇಲ್ಲ. ಜರ್ಮನಿಯ ಫರ್ಡಿನಾಂಡ್ ಶ್ಮಿಟ್ಸ್ ಮಾತ್ರ ಕೊನೆಯವರೆಗೂ ಬಗ್ಗಲಿಲ್ಲ. ಮೂವರು ತೀರ್ಪುಗಾರರಲ್ಲಿ ಇಬ್ಬರ ಮತ ಜಾಧವ್ ಕಡೆಗೆ ಬಿತ್ತು. ಕೊನೆಯ ಮೂವರಲ್ಲಿ ಅವರೂ ಒಬ್ಬರಾದರು.

ಜುಲೈ 23. ಎದುರಿಗೆ ಜಪಾನಿನ ಶೊಹಾಚಿ ಇಶಿಯಿ. ಜೂಡೊದಿಂದ ಕುಸ್ತಿಗೆ ಬಂದ ಇಶಿಯಿಗೆ ಎದುರಾಳಿಯ ತೂಕವನ್ನೇ ಬಳಸಿ ಕೆಡಹುವ ಲೆಕ್ಕ ಕರತಲಾಮಲಕ. ಢಾಕ್ ಹಾಕುವವರಿಗೆ ಢಾಕನ್ನು ಓದಬಲ್ಲ ಜೋಡಿ ಸಿಕ್ಕಂತಾಯಿತು. ಸೆಣಸಾಟ ಪೂರಾ ಹದಿನೈದು ನಿಮಿಷ ಎಳೆಯಿತು, ಮತ ಇಶಿಯಿ ಕಡೆ ಹೋಯಿತು. ಆ ಒಲಿಂಪಿಕ್ಸಿನಲ್ಲಿ ಜಪಾನಿಗೆ ದಕ್ಕಿದ ಒಂದೇ ಒಂದು ಚಿನ್ನ ಕೊನೆಗೆ ಇಶಿಯಿ ಕೊರಳಿಗೆ ಬಿದ್ದದ್ದು. ಜಾಧವ್ ಸೋತದ್ದು ಎಂಥ ಮಲ್ಲನಿಗೆ ಎಂಬುದಕ್ಕೆ ಅಷ್ಟು ಸಾಕು.

ಮೈಯ ಬೆವರು ಆರುವ ಮೊದಲೇ ಅವರಿಗೆ ಮತ್ತೆ ಕರೆ ಬಂತು. ಸೋವಿಯತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೊವ್ ಆಗಲೇ ಸಜ್ಜಾಗಿದ್ದರು. ಎರಡು ಸೆಣಸಾಟಗಳ ನಡುವೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು. ಅದನ್ನು ಎತ್ತಿ ಹೇಳಿ ತಡೆಯಲು ಭಾರತದ ಅಧಿಕಾರಿಗಳು ಯಾರೂ ಅಲ್ಲಿರಲಿಲ್ಲ. ಹದಿನೈದು ನಿಮಿಷ ಕಾದಾಡಿ ತೋಳು, ತೊಡೆ ಸೋತಿದ್ದ ಜಾಧವ್ ಹಾಗೆಯೇ ಮ್ಯಾಟ್ ಹತ್ತಿದರು, ಸೋತರು. ಮಮ್ಮದ್‌ಬೆಯೊವ್‌ಗೆ ಬೆಳ್ಳಿ, ಜಾಧವ್‌ಗೆ ಕಂಚು. ಅರ್ಧ ಗಂಟೆ ಸುಧಾರಿಸಿಕೊಂಡಿದ್ದರೆ ಗೆಲ್ಲುತ್ತಿದ್ದರೆಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಆ ಅರ್ಧ ಗಂಟೆ ಅವರ ಹಕ್ಕಾಗಿತ್ತು, ಅದನ್ನು ಕೇಳಿ ಕೊಡಿಸುವುದು ದೇಶದ ಕರ್ತವ್ಯವಾಗಿತ್ತು. ಊರು ಪೈಲ್ವಾನನನ್ನು ಸಮುದ್ರದಾಚೆಗೆ ಮುಟ್ಟಿಸಿತು. ಕಣದ ಅಂಚಿನಲ್ಲಿ ನಿಲ್ಲಬೇಕಿದ್ದವರು ನಿಲ್ಲಲಿಲ್ಲ. ಅದೇ ಹೆಲ್ಸಿಂಕಿಯಲ್ಲಿ 62 ಕೆ.ಜಿ. ವಿಭಾಗದಲ್ಲಿ ಕೊಲ್ಹಾಪುರದ್ದೇ ಮಲ್ಲ ಕೇಶವ ಮಾಂಗಾವೆ ನಾಲ್ಕನೆಯವರಾದರು. ಒಂದೇ ಊರಿನ ಮಣ್ಣು ಜಗತ್ತಿನ ಮೊದಲ ನಾಲ್ವರ ಸಾಲಿಗೆ ಇಬ್ಬರನ್ನು ಕಳಿಸಿತ್ತು.

ಎತ್ತಿನಗಾಡಿಗಳ ಮೆರವಣಿಗೆ

ಮರುದಿನ, ಜುಲೈ 24ರಂದು, ಭಾರತದ ಹಾಕಿ ತಂಡ ಫೈನಲ್‌ನಲ್ಲಿ ನೆದರ್ಲೆಂಡ್ಸನ್ನು 6–1ರಿಂದ ಸೋಲಿಸಿತು. ಬಲ್ಬೀರ್ ಸಿಂಗ್ ಒಬ್ಬರೇ ಐದು ಗೋಲು ಹೊಡೆದರು. ದೇಶ ಆ ಚಿನ್ನದ ಸಂಭ್ರಮದಲ್ಲಿ ಮುಳುಗಿತು. ಕುಸ್ತಿಯ ಕಂಚು ಪಕ್ಕಕ್ಕೆ ಸರಿಯಿತು.

ಕರಾಡದಲ್ಲಿ ಮಾತ್ರ ಹಾಗಾಗಲಿಲ್ಲ. ರೈಲಿಳಿದ ಪೈಲ್ವಾನರನ್ನು ಎದುರುಗೊಳ್ಳಲು ನೂರಕ್ಕೂ ಹೆಚ್ಚು ಸಿಂಗರಿಸಿದ ಎತ್ತಿನಗಾಡಿಗಳು ಸಾಲುಗಟ್ಟಿದ್ದವು. ಕಾಲು ಗಂಟೆಯಲ್ಲಿ ಮುಗಿಯುವ ದಾರಿಗೆ ಅಂದು ಏಳು ಗಂಟೆ ಹಿಡಿಯಿತು ಎಂದು ಕಂಡವರು ಹೇಳುತ್ತಿದ್ದರು. ಪದಕದಲ್ಲಿ ತಮ್ಮ ದುಡ್ಡೂ ಇದೆ, ಆಸೆಯೂ ಇದೆ ಎಂದು ಬಲ್ಲವರ ಮೆರವಣಿಗೆ ಅದು. ಅದಾದ ಮೇಲೆ ಜಾಧವ್ ಮಾಡಿದ ಕೆಲಸ ಅವರ ಗುಣವನ್ನು ಪದಕಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಕುಸ್ತಿ ಪಂದ್ಯಗಳನ್ನು ಏರ್ಪಡಿಸಿ, ತಾವೇ ಕಣಕ್ಕಿಳಿದು, ಬಂದ ಹಣವನ್ನು ಖರ್ಡೇಕರ್ ಅವರ ಕೈಗಿಟ್ಟು ಅಡವಿನ ಮನೆ ಬಿಡಿಸಿಕೊಟ್ಟರು.

1955ರಲ್ಲಿ ಅವರು ಸಬ್ ಇನ್‌ಸ್ಪೆಕ್ಟರ್ ಆಗಿ ಪೊಲೀಸ್ ಇಲಾಖೆ ಸೇರಿದರು. ಮರುವರ್ಷದ ಮೆಲ್ಬರ್ನ್ ಒಲಿಂಪಿಕ್ಸಿನ ಮೇಲೆ ಕಣ್ಣಿತ್ತು, ಮೊಣಕಾಲಿನ ಪೆಟ್ಟು ಆ ಬಾಗಿಲು ಮುಚ್ಚಿತು. ಮುಂದೆ 27 ವರ್ಷ ಇಲಾಖೆಯಲ್ಲಿ ದುಡಿದರು, ಹುಡುಗರಿಗೆ ಕುಸ್ತಿ ಕಲಿಸಿದರು. ಬಡ್ತಿ ನಿಧಾನವಾಗಿ ಬಂತು. ನಿವೃತ್ತರಾಗುವ ಹೊತ್ತಿಗೆ ಸಹಾಯಕ ಪೊಲೀಸ್ ಕಮಿಷನರ್ ಆಗಿದ್ದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಜ್ಯೋತಿ ಹಿಡಿದು ಓಡುವ ಗೌರವ ಸಿಕ್ಕಿತು. ಗೋಳೇಶ್ವರದಲ್ಲಿ ಕಟ್ಟಿದ ಮನೆಗೆ ಅವರಿಟ್ಟ ಹೆಸರು ‘ಒಲಿಂಪಿಕ್ ನಿವಾಸ’.

1984ರ ಆಗಸ್ಟ್ 8ರಂದು ಲಾಸ್ ಏಂಜಲೀಸಿನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಕಂಚು ಕಳೆದುಕೊಂಡರು. ಅದಾಗಿ ಆರನೇ ದಿನ, ಆಗಸ್ಟ್ 14ರಂದು, ಜಾಧವ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸಾಯುವ ದಿನದವರೆಗೂ ಸ್ವತಂತ್ರ ಭಾರತದ ಏಕೈಕ ವೈಯಕ್ತಿಕ ಒಲಿಂಪಿಕ್ ಪದಕ ವಿಜೇತರು ಅವರೇ. ಅಷ್ಟಾದರೂ ಬದುಕಿದ್ದಾಗ ಪದ್ಮ ಪ್ರಶಸ್ತಿಯಾಗಲಿ ಅರ್ಜುನವಾಗಲಿ ಅವರ ಮನೆಗೆ ಬರಲಿಲ್ಲ. 1996ರಲ್ಲಿ ಅಟ್ಲಾಂಟಾದಲ್ಲಿ ಲಿಯಾಂಡರ್ ಪೇಸ್ ಟೆನಿಸ್ ಕಂಚು ಗೆದ್ದಾಗ ದೇಶಕ್ಕೆ ಹಳೆಯ ಪೈಲ್ವಾನರ ನೆನಪು ಮರಳಿತು. ಅರ್ಜುನ ಪ್ರಶಸ್ತಿ ಮರಣೋತ್ತರವಾಗಿ ಬಂತು. 2010ರ ಕಾಮನ್‌ವೆಲ್ತ್ ಕೂಟದ ಹೊತ್ತಿಗೆ ದೆಹಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. ಅತ್ತ ಹುಟ್ಟೂರಿನಲ್ಲಿ ಅವರ ಹೆಸರಿನ ಕುಸ್ತಿ ಅಕಾಡೆಮಿ ವರ್ಷಗಟ್ಟಲೆ ಭರವಸೆಯಾಗಿಯೇ ಉಳಿದಾಗ, 2017ರಲ್ಲಿ ಕುಟುಂಬ ಆ ಕಂಚಿನ ಪದಕವನ್ನೇ ಹರಾಜಿಗಿಡುವ ಮಾತಾಡಬೇಕಾಯಿತು.

ಕುಸ್ತಿಯಲ್ಲಿ ಭಾರತಕ್ಕೆ ಮುಂದಿನ ಒಲಿಂಪಿಕ್ ಪದಕ ಬಂದದ್ದು 56 ವರ್ಷಗಳ ನಂತರ, 2008ರ ಬೀಜಿಂಗ್‌ನಲ್ಲಿ. ಅಲ್ಲಿಂದೀಚೆಗೆ ಯಾವ ಒಲಿಂಪಿಕ್ಸಿನಲ್ಲೂ ನಮ್ಮ ಕುಸ್ತಿ ಬರಿಗೈಯಲ್ಲಿ ಮರಳಿಲ್ಲ. ಟೋಕಿಯೊದಲ್ಲಿ ರವಿ ದಹಿಯಾ ಬೆಳ್ಳಿ, 2024ರ ಪ್ಯಾರಿಸ್‌ನಲ್ಲಿ ಅಮನ್ ಸೆಹ್ರಾವತ್ ಕಂಚು ಗೆದ್ದದ್ದು 57 ಕೆ.ಜಿ. ವಿಭಾಗದಲ್ಲೇ, ಜಾಧವ್ ಸೆಣಸಿದ ಅದೇ ತೂಕದಲ್ಲಿ. ಈ ಹುಡುಗರ ಹಿಂದೆ ಮ್ಯಾಟ್ ಹಾಸಿದ ಅಖಾಡ, ತರಬೇತುದಾರರು, ವೈದ್ಯರು, ವಿಮಾನದ ಟಿಕೆಟ್ಟು ಇದ್ದವು. ನಡುವಿನ ಅರ್ಧ ಶತಮಾನದಲ್ಲಿ ಗೋಳೇಶ್ವರದಂಥ ಹಳ್ಳಿಗಳಲ್ಲಿ, ನಮ್ಮ ಬೆಳಗಾವಿ ಬಾಗಲಕೋಟೆಯ ಗರಡಿಗಳಲ್ಲಿ ಬಲವಿದ್ದವರು ಹುಟ್ಟಲಿಲ್ಲವೆಂದಲ್ಲ. ಅವರಿಗಾಗಿ ಮನೆ ಅಡವಿಡುವ ಮೇಷ್ಟ್ರುಗಳು ಎಲ್ಲ ಊರಲ್ಲೂ ಇರಲಿಲ್ಲ, ಇರಬೇಕೆಂದು ಬಯಸುವುದೂ ನ್ಯಾಯವಲ್ಲ. ಖರ್ಡೇಕರ್ ಅವರ ತ್ಯಾಗಕ್ಕೆ ಕೈಮುಗಿಯುತ್ತಲೇ, ಇನ್ನು ಯಾವ ಮೇಷ್ಟ್ರಿಗೂ ಅಂಥ ತ್ಯಾಗ ಮಾಡುವ ಪ್ರಮೇಯ ಬಾರದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ. ಖಾಶಾಬಾ ಜಾಧವ್ ಅವರಿಗೆ ಸಲ್ಲಬೇಕಾದ ಗೌರವ ಅಲ್ಲಿದೆ: ತಾಲ್ಲೂಕಿಗೊಂದು ಒಳ್ಳೆಯ ಗರಡಿ, ಅದರಲ್ಲೊಂದು ಮ್ಯಾಟ್, ಮತ್ತು ಆಟಗಾರನ ಹಕ್ಕಿನ ಅರ್ಧ ಗಂಟೆಯನ್ನು ಕೇಳಿ ಪಡೆಯುವ ಒಬ್ಬ ಅಧಿಕಾರಿ.